ಕಂತು ಇಳಿಯಿತು, ಸಾಲ ಇಳಿಯಿತೇ?

ತಿಂಗಳ ಐದನೇ ತಾರೀಕು ಹತ್ತಿರ ಬಂದರೆ ನಮ್ಮ ಪುತ್ತೂರು ಪೇಟೆಯಲ್ಲಿ ಹಲವರ ಮುಖ ಬಾಡುತ್ತದೆ. ಆ ದಿನ ಕಾರಿನ ಕಂತು ಖಾತೆಯಿಂದ ತಾನಾಗಿ ಹೋಗಬೇಕು. ಖಾತೆಯಲ್ಲಿ ಹಣ ಇಲ್ಲದಿದ್ದರೆ ಬ್ಯಾಂಕಿನ ದಂಡ ಒಂದು, ಫೈನಾನ್ಸಿನವರ ದಂಡ ಇನ್ನೊಂದು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು!

ಇಂಥವರ ಫೋನಿಗೆ ಈಗ ಒಂದು ಸಿಹಿ ಮಾತು ಬರತೊಡಗಿದೆ. "ನಿಮ್ಮ ಹಳೇ ಸಾಲ ನಾವು ತೀರಿಸಿ ಕೊಡ್ತೇವೆ ಸಾರ್, ಕಂತು ಅರ್ಧಕ್ಕರ್ಧ ಕಡಿಮೆ ಮಾಡಿಸುವಾ." ಇದಕ್ಕೆ ರೀಫೈನಾನ್ಸ್ ಅಂತ ಹೆಸರು. ಹಳೆಯ ದುಬಾರಿ ಸಾಲವನ್ನು ಹೊಸ ಸಾಲದಿಂದ ತೀರಿಸುವ ಉಪಾಯ. ಉಪಾಯ ಕೆಟ್ಟದ್ದೇನಲ್ಲ. ಆದರೆ ಲೆಕ್ಕ ಹಾಕದೆ ಸಹಿ ಹಾಕಿದರೆ ಕಡ ಹುಟ್ಟಿ ಬಡವ ಕೆಟ್ಟ ಎಂಬ ಗಾದೆ ನಮ್ಮ ಮನೆಯಲ್ಲೇ ನಿಜವಾಗುತ್ತದೆ.

ಪಿಗ್ಮಿ ಪುಸ್ತಕದಿಂದ ಮೂರಂಕಿಗೆ

ನಮ್ಮದು ಬ್ಯಾಂಕುಗಳ ತವರು ಜಿಲ್ಲೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯ ಬ್ಯಾಂಕ್. ಇವೆಲ್ಲ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದ ಮಣ್ಣಿನಲ್ಲಿ. 1928ರಲ್ಲಿ ಸಿಂಡಿಕೇಟ್‌ನವರು ಪಿಗ್ಮಿ ಶುರುಮಾಡಿ ಅಂಗಡಿ ಅಂಗಡಿಗೆ ಏಜೆಂಟರನ್ನು ಕಳಿಸಿದರು. ದಿನಾ ತಪ್ಪದೆ ಪಿಗ್ಮಿ ಕಟ್ಟುವವ ಸಾಲ ಕೇಳಿದರೆ ಮ್ಯಾನೇಜರಿಗೆ ಧೈರ್ಯ. ಆ ಪುಸ್ತಕವೇ ಅವನ ಯೋಗ್ಯತಾಪತ್ರ.

ಈಗ ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಮ್ಯಾನೇಜರರು ಮೂರು ವರ್ಷಕ್ಕೊಬ್ಬರು ಬದಲಾಗುತ್ತಾರೆ. ನಿಮ್ಮ ಮನೆತನ, ತೋಟ, ಮಾತು ಅವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಕಂಪ್ಯೂಟರಿನಲ್ಲಿ ಕಾಣುವ ಮೂರಂಕಿಯ ಸಂಖ್ಯೆ. ಜನ ಅದನ್ನು ಸಿಬಿಲ್ ಅನ್ನುತ್ತಾರೆ. 300ರಿಂದ 900ರ ವರೆಗೆ ಇರುತ್ತದೆ. 750ರ ಆಸುಪಾಸು ಇದ್ದರೆ ಸಾಹೇಬರ ಮುಖ ಅರಳುತ್ತದೆ. 650ಕ್ಕಿಂತ ಕೆಳಗಿದ್ದರೆ "ನೋಡುವಾ, ಫೋನ್ ಮಾಡ್ತೇವೆ" ಎಂಬ ಉತ್ತರ.

ನಮ್ಮ ಕಡೆ ಅಂಕ ಕೆಡುವುದು ಹೆಚ್ಚಾಗಿ ಮೋಸದಿಂದಲ್ಲ. ಅಡಿಕೆ ಮಾರಿದಾಗ ಒಟ್ಟಿಗೆ ದುಡ್ಡು, ಆಟಿ ತಿಂಗಳಲ್ಲಿ ಬರಿಗೈ. ತೋಟಕ್ಕೆ ಕೊಳೆರೋಗ ಬಿದ್ದ ವರ್ಷ ಅಂಗಡಿಯ ಸಾಲದ ಪುಸ್ತಕವೂ ದಪ್ಪವಾಗುತ್ತದೆ. ಫೈನಾನ್ಸಿನ ಕಂತಿಗೆ ಮಾತ್ರ ಮಳೆಗಾಲ ಬೇಸಿಗೆ ಎಂಬುದಿಲ್ಲ. ಎರಡು ಕಂತು ತಡವಾಯಿತು, ಅಂಕ ಇಳಿಯಿತು. ಅಂಕ ಕಡಿಮೆ ಇದ್ದವನಿಗೆ ಬಡ್ಡಿ ಜಾಸ್ತಿ, ಬಡ್ಡಿ ಜಾಸ್ತಿ ಆದಾಗ ಕಂತು ಮತ್ತೆ ತಡ. ಈ ಸುಳಿಯಿಂದ ಹೊರಬರುವುದಕ್ಕೇ ರೀಫೈನಾನ್ಸ್ ಬೇಕಾಗುವುದು.

ಫ್ಲಾಟ್ ಬಡ್ಡಿಯ ಕಣ್ಕಟ್ಟು

ಒಂದು ಲೆಕ್ಕ ನೋಡುವಾ. ಅಂಗಡಿಯವರೊಬ್ಬರು ಹಳೇ ಕಾರಿಗೆ 4 ಲಕ್ಷ ಸಾಲ ತೆಗೆದರು ಎಂದಿಟ್ಟುಕೊಳ್ಳಿ. ಬಡ್ಡಿ "ಬರೀ ಶೇ. 12, ಫ್ಲಾಟ್." ಅವಧಿ 4 ವರ್ಷ. ವರ್ಷಕ್ಕೆ 48 ಸಾವಿರದಂತೆ ಬಡ್ಡಿ 1,92,000. ಒಟ್ಟು 5,92,000. ಇದನ್ನು 48 ಭಾಗ ಮಾಡಿದರೆ ಕಂತು 12,333 ರೂಪಾಯಿ.

ಹನ್ನೆರಡು ಎಂದು ಕೇಳುವಾಗ ಸಾಧಾರಣವೇ. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬರುತ್ತೀರಿ, ಬಡ್ಡಿ ಮಾತ್ರ ಕೊನೆಯ ತಿಂಗಳ ವರೆಗೂ ಪೂರ್ತಿ 4 ಲಕ್ಷದ ಮೇಲೆಯೇ! ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಪದ್ಧತಿಗೆ ಇದನ್ನು ತಂದರೆ ನಿಜವಾದ ಬಡ್ಡಿ ಶೇ. 20.75ರ ಹತ್ತಿರ. ಹನ್ನೆರಡಲ್ಲ ಮಾರಾಯ್ರೇ, ಇಪ್ಪತ್ತು ಮುಕ್ಕಾಲು.

ಇದನ್ನು ಮುಚ್ಚಿಡಬಾರದು ಎಂದೇ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಒಂದು ನಿಯಮ ತಂದಿದೆ. ವ್ಯಕ್ತಿಗಳಿಗೆ ಸಾಲ ಕೊಡುವ ಮೊದಲು ಮುಖ್ಯ ಅಂಶಗಳ ಪತ್ರವನ್ನು ಗಿರಾಕಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಎಲ್ಲಾ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಎಪಿಆರ್ ಎಂದು ಬರೆದಿರುತ್ತದೆ. ಸಾಲ ಬದಲಾಯಿಸುವವರು ಹಳೆಯದರ ಎಪಿಆರ್, ಹೊಸದರ ಎಪಿಆರ್ ಪಕ್ಕಪಕ್ಕ ಇಟ್ಟು ನೋಡಲಿ. ಬಾಯಿಮಾತಿನ ಶೇಕಡಾ ನಂಬಬೇಡಿ.

ಓಡಾಟಕ್ಕೆ ಸಿಕ್ಕಿದ್ದು ಐದು ಸಾವಿರ

ನಮ್ಮ ಅಂಗಡಿಯವರು 18 ಕಂತು ಕಟ್ಟಿದ್ದಾರೆ. ಅಂದರೆ 2,22,000 ರೂಪಾಯಿ. ಅದರಲ್ಲಿ ಅಸಲಿಗೆ ಹೋದದ್ದು ಸುಮಾರು 1,13,000, ಉಳಿದದ್ದು ಬಡ್ಡಿ. ಇನ್ನೂ 2,86,800ರಷ್ಟು ಅಸಲು ಬಾಕಿ. ಈಗ ಒಂದು ಬ್ಯಾಂಕ್ ಶೇ. 14ಕ್ಕೆ, ಇಳಿಯುವ ಅಸಲಿನ ಮೇಲೆ, ಅದೇ 30 ತಿಂಗಳಿಗೆ ಸಾಲ ಕೊಡಲು ಒಪ್ಪಿತು. ಲಾಭವೇ ಲಾಭ ಅಲ್ವಾ?

ತಡೆಯಿರಿ. ಅವಧಿಗೆ ಮೊದಲು ತೀರಿಸಿದ್ದಕ್ಕೆ ಹಳೇ ಫೈನಾನ್ಸಿನವರು ಶೇ. 4 ಕೇಳಿದರೆ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 13,500. ಹೊಸ ಬ್ಯಾಂಕಿನ ಪ್ರೊಸೆಸಿಂಗ್, ಸ್ಟಾಂಪು, ಆರ್‌ಟಿಒ ಖರ್ಚು 6,000 ಎಂದಿಡಿ. ಇದೆಲ್ಲ ಹೊಸ ಸಾಲಕ್ಕೇ ಸೇರಿ 3,06,300 ಆಯಿತು. ಹೊಸ ಕಂತು 12,160. ಹಳೆಯದಕ್ಕಿಂತ ತಿಂಗಳಿಗೆ 173 ರೂಪಾಯಿ ಕಡಿಮೆ. ಎರಡೂವರೆ ವರ್ಷದಲ್ಲಿ ಉಳಿತಾಯ 5,200!

ಇದೇ ಕೆಲಸ ಆರನೇ ಕಂತು ಮುಗಿದ ಕೂಡಲೇ ಮಾಡಿದ್ದರೆ, ಅದೇ ದರದಲ್ಲಿ, ಖರ್ಚೆಲ್ಲ ಕಳೆದೂ 23 ಸಾವಿರ ಉಳಿಯುತ್ತಿತ್ತು. ಬಡ್ಡಿಯ ಹೆಚ್ಚಿನ ಪಾಲು ಮೊದಲ ವರ್ಷಗಳಲ್ಲೇ ಹೋಗುವುದರಿಂದ ಸಾಲ ಹಳತಾದಷ್ಟೂ ಬದಲಾವಣೆಯ ಲಾಭ ಕರಗುತ್ತದೆ. ಆದ್ದರಿಂದ ಅರ್ಧ ಅವಧಿ ದಾಟಿದವರು ಎರಡು ಸಲ ಯೋಚಿಸಬೇಕು.

ಅರ್ಧ ಕಂತಿನ ಆಮಿಷ

ಇನ್ನು "ಕಂತು ಅರ್ಧಕ್ಕರ್ಧ" ಎಂದವರ ಲೆಕ್ಕ. ಅವರು ಅದೇ 3,06,300ನ್ನು ಶೇ. 16ಕ್ಕೆ 5 ವರ್ಷಕ್ಕೆ ಎಳೆಯುತ್ತಾರೆ. ಕಂತು 7,450. ತಿಂಗಳಿಗೆ ಸುಮಾರು 4,900 ಕೈಯಲ್ಲಿ ಉಳಿಯಿತು. ಮನೆಯವರಿಗೂ ಸಂತೋಷ. ಆದರೆ 60 ಕಂತು ಸೇರಿ ಕಟ್ಟುವುದು 4,47,000. ಹಳೇ ಸಾಲದಲ್ಲೇ ಇದ್ದಿದ್ದರೆ ಕಟ್ಟಲು ಬಾಕಿ ಇದ್ದದ್ದು 3,70,000. ಬಡ್ಡಿದರ ಇಳಿದೂ 77 ಸಾವಿರ ಹೆಚ್ಚು! ಅಷ್ಟರಲ್ಲಿ ಕಾರೂ ಮುದಿಯಾಗುತ್ತದೆ. ಕಡೆಯ ಕಂತು ಕಟ್ಟುವ ಹೊತ್ತಿಗೆ ಅದಕ್ಕೆ ಎಷ್ಟು ಬೆಲೆ ಬಂದೀತು?

ವಾಹನ ಎತ್ತಿಕೊಂಡು ಹೋಗುವ ಹಂತಕ್ಕೆ ಬಂದವರಿಗೆ ಉದ್ದ ಅವಧಿಯೂ ಉಸಿರಾಡಲು ಒಂದು ದಾರಿ, ಇಲ್ಲವೆನ್ನುವುದಿಲ್ಲ. ಆದರೆ ಆ ಉಸಿರಿಗೆ 77 ಸಾವಿರ ಬೆಲೆ ಎಂದು ತಿಳಿದೇ ಕೊಳ್ಳಬೇಕು.

ಅಂಕ ಸರಿಮಾಡುವುದು ಹೇಗೆ?

ಅರ್ಜಿ ಹಾಕುವ ಮೊದಲು ನಿಮ್ಮ ವರದಿಯನ್ನು ನೀವೇ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. 2017ರಿಂದ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅಂಕ ಏರಿಸಿ ಕೊಡುತ್ತೇವೆಂದು ಐದು ಸಾವಿರ ಕೇಳುವವರನ್ನು ಮೆಟ್ಟಿಲಲ್ಲೇ ನಿಲ್ಲಿಸಿ.

ತೀರಿಸಿದ ಸಾಲ ಬಾಕಿ ಎಂದೇ ಉಂಟಾ? ನೀವು ತೆಗೆಯದ ಸಾಲ ನಿಮ್ಮ ಹೆಸರಲ್ಲಿ ಉಂಟಾ? ಕೂಡಲೇ ಬರೆದು ದೂರು ಕೊಡಿ. 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಹಿಂದೆ ಯಾವುದೋ ಸಾಲವನ್ನು ಕಡಿಮೆಗೆ ಮುಗಿಸಿಕೊಂಡಿದ್ದರೆ ವರದಿಯಲ್ಲಿ "ಸೆಟಲ್ಡ್" ಎಂದಿರುತ್ತದೆ. ಅದು "ಕ್ಲೋಸ್ಡ್" ಅಲ್ಲ. ಆ ಶಬ್ದ ನೋಡಿದ ಕೂಡಲೇ ಬ್ಯಾಂಕಿನವರು ಹಿಂದೆ ಸರಿಯುತ್ತಾರೆ.

ಬೊಳುವಾರಿನಲ್ಲಿ ಒಂದು, ದರ್ಬೆಯಲ್ಲಿ ಒಂದು, ಸುಳ್ಯದಲ್ಲಿ ಇನ್ನೊಂದು ಎಂದು ಕಂಡಕಂಡಲ್ಲಿ ಅರ್ಜಿ ಹಾಕಬೇಡಿ. ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ, ಅಂಕ ಇನ್ನಷ್ಟು ಇಳಿಯಬಹುದು. ಆರು ತಿಂಗಳು ಒಂದು ಕಂತೂ ತಪ್ಪದಂತೆ ಕಟ್ಟಿ, ಆಮೇಲೆ ಒಂದೆರಡು ಕಡೆ ಮಾತ್ರ ಕೇಳಿ. ಒಳ್ಳೆಯ ಅಂಕವಿರುವ ಹೆಂಡತಿಯೋ ಮಗನೋ ಜೊತೆ ಅರ್ಜಿದಾರರಾದರೆ ದರ ಇಳಿಯುವುದೂ ಉಂಟು. ಆದರೆ ನಿಮ್ಮ ಕಂತು ತಪ್ಪಿದರೆ ಅವರ ಅಂಕವೂ ಇಳಿಯುತ್ತದೆ, ನೆನಪಿರಲಿ.

ಹೊಸ ಸಾಲವಿಲ್ಲದೆ ಹೊರಬರುವ ದಾರಿ

ಮೊದಲಿನ ಫೈನಾನ್ಸಿನವರನ್ನೇ ಕೇಳಲು ನಾಚಿಕೆ ಬೇಡ. ಬೇರೆ ಬ್ಯಾಂಕಿನ ಒಪ್ಪಿಗೆ ಪತ್ರ ತೋರಿಸಿ "ದರ ಇಳಿಸಿ, ಇಲ್ಲದಿದ್ದರೆ ಹೋಗ್ತೇನೆ" ಎಂದರೆ ಕೆಲವೊಮ್ಮೆ ಕೆಲಸವಾಗುತ್ತದೆ.

ಇನ್ನೊಂದು ದಾರಿ, ಭಾಗಶಃ ಪಾವತಿ. ಕರಾರಿನಲ್ಲಿ ಅವಕಾಶ ಇದ್ದರೆ ಅದೇ 18ನೇ ಕಂತಿನ ಹೊತ್ತಿಗೆ ಅಡಿಕೆ ಮಾರಿದ ಹಣವನ್ನೋ ಪಿಗ್ಮಿಯಲ್ಲಿ ಮಲಗಿರುವ ಹಣವನ್ನೋ ತೆಗೆದು 50 ಸಾವಿರ ಅಸಲಿಗೆ ಕಟ್ಟಿ, ಕಂತು ಅಷ್ಟೇ ಇರಲಿ, ಅವಧಿ ಇಳಿಸಿ ಎಂದು ಬರೆದು ಕೊಡಿ. ಕೊನೆಯ ಆರೂವರೆ ಕಂತು ತಪ್ಪುತ್ತದೆ. ಅಂದರೆ ಹತ್ತಿರ ಹತ್ತಿರ 80 ಸಾವಿರ. ಶುಲ್ಕ ಕಳೆದರೂ 27 ಸಾವಿರದಷ್ಟು ಲಾಭ. ರೀಫೈನಾನ್ಸಿನ ಐದು ಸಾವಿರ ಎಲ್ಲಿ, ಇದು ಎಲ್ಲಿ!

ಮನೆಯ ಚಿನ್ನ ಬ್ಯಾಂಕಿನಲ್ಲಿಟ್ಟು ಕಾರಿನ ಸಾಲ ಮುಗಿಸುವವರೂ ಇದ್ದಾರೆ. ಬಡ್ಡಿ ಕಡಿಮೆ, ಅಂಕದ ಉಪದ್ರವೂ ಕಡಿಮೆ. ಆದರೆ ಚಿನ್ನದ ಸಾಲಕ್ಕೆ ಹೆಚ್ಚಾಗಿ ತಿಂಗಳ ಕಂತು ಇರುವುದಿಲ್ಲ. ಕಟ್ಟದೆ ಕುಳಿತರೆ ವರ್ಷದ ಕೊನೆಗೆ ಕರಿಮಣಿ ಹರಾಜಿಗೆ. ಕಂತಿನ ಮೊತ್ತವನ್ನು ಅದೇ ತಾರೀಕಿಗೆ ಚಿನ್ನದ ಸಾಲಕ್ಕೆ ಕಟ್ಟುವ ಗಟ್ಟಿ ಮನಸ್ಸಿದ್ದವರಿಗೆ ಮಾತ್ರ ಈ ದಾರಿ.

ಕಾಗದಪತ್ರ ಮರೆಯಬೇಡಿ

ಹಳೇ ಸಾಲ ತೀರಿಸಲು ಎಷ್ಟು ಬೇಕೆಂಬ ಪತ್ರವನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಶುಲ್ಕದ ಬಗ್ಗೆ ಒಂದು ಮಾತು: 2026ರ ಜನವರಿ 1ರಿಂದ ಮಂಜೂರಾದ, ವ್ಯಾಪಾರಕ್ಕಲ್ಲದ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ ಫ್ಲೋಟಿಂಗ್ ಬಡ್ಡಿಯ ಸಾಲಕ್ಕೆ ಅವಧಿಪೂರ್ವ ಶುಲ್ಕ ಹಾಕುವಂತಿಲ್ಲ. ಕಾರಿನ ಸಾಲ ಹೆಚ್ಚಾಗಿ ಸ್ಥಿರ ಬಡ್ಡಿಯದ್ದು, ಅದಕ್ಕೆ ಶುಲ್ಕ ಉಂಟು. ನಿಮ್ಮದು ಯಾವುದು ಎಂದು ಕೇಳಿ ತಿಳಿಯಿರಿ.

ಹೊಸ ಬ್ಯಾಂಕಿನ ಹಣ ನೇರ ಹಳೇ ಫೈನಾನ್ಸಿಗೇ ಹೋಗಬೇಕು, ಮಧ್ಯದ ಬ್ರೋಕರನ ಕೈಗಲ್ಲ. ಬ್ರೋಕರ್ ಹಣ ಹಿಡಿದು ಕುಳಿತರೆ ಎರಡೂ ಸಾಲ ನಿಮ್ಮ ತಲೆಗೆ. ಸಾಲ ಮುಗಿದ ಮೇಲೆ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಟಿಒದಲ್ಲಿ ಹಳೆಯವರ ಹೆಸರು ಆರ್‌ಸಿಯಿಂದ ತೆಗೆಸಿ. ಹೊಸಬರ ಹೆಸರು ಸೇರಿಸಲು ಫಾರಂ 34. ಇನ್ಶೂರೆನ್ಸ್ ಪಾಲಿಸಿಯಲ್ಲೂ ಬದಲಾಯಿಸಿ. ಸ್ವಂತ ಬಳಕೆಯ ವಾಹನದ ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ಹಿಂದೆ ಕೊಡಬೇಕು, ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ನಿಯಮ 2023ರ ಡಿಸೆಂಬರ್‌ನಿಂದ ಉಂಟು.

ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನು ಮಾಡಿ ಪೀಡಿಸುವಂತಿಲ್ಲ. ಗೂಂಡಾಗಳನ್ನು ಬಿಟ್ಟು ಗಾಡಿ ಎಳೆಯುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ. ದೂರು ಕೊಟ್ಟು 30 ದಿನವಾದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಮಾಹಿತಿಗೆ 14448.

ಜಾಮೀನು ಹಾಕಿದ ನೆರೆಯವ

ನಮ್ಮೂರಲ್ಲಿ ಜಾಮೀನಿಗೆ ಸಹಿ ಹಾಕುವುದೆಂದರೆ ಮದುವೆಯ ಕಾಗದ ತೆಗೆದುಕೊಂಡಷ್ಟೇ ಸುಲಭ. ಚಾ ಕುಡಿಸಿ ಕೇಳಿದರೆ ಇಲ್ಲ ಎನ್ನಲಾಗುವುದಿಲ್ಲ. ಸಾಲಗಾರ ಕಟ್ಟದಿದ್ದರೆ ಆ ಮನುಷ್ಯನ ಅಂಕವೂ ಇಳಿಯುತ್ತದೆ. ಅವನ ಮಗಳ ಓದಿನ ಸಾಲ ನಿಲ್ಲುವ ತನಕ ಅವನಿಗದು ಗೊತ್ತೇ ಇರುವುದಿಲ್ಲ. ಸಾಲ ಬದಲಾಯಿಸಿದವರು ಹಳೇ ಖಾತೆ ಮುಚ್ಚಿದ ಪತ್ರದ ಒಂದು ಪ್ರತಿಯನ್ನು ಜಾಮೀನುದಾರರ ಮನೆಗೆ ತಲುಪಿಸಬೇಕು. ಅದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ಹೊಸ ಸಾಲದ ಮಾತಾಡಲು ಯಾರೇ ಅಂಗಡಿಗೆ ಬರಲಿ, ಕಂತೆಷ್ಟು ಎಂದು ಕೇಳಬೇಡಿ. "ಇವತ್ತಿನಿಂದ ಕೊನೆಯ ವರೆಗೆ ಒಟ್ಟು ಎಷ್ಟು ಕಟ್ಟಬೇಕು, ಬರೆದು ಕೊಡಿ" ಎನ್ನಿ. ಆ ಸಂಖ್ಯೆ ಹಳೇ ಸಾಲದ ಬಾಕಿ ಕಂತುಗಳ ಮೊತ್ತಕ್ಕಿಂತ ಕಡಿಮೆ ಇದ್ದರೆ ಕುರ್ಚಿ ಕೊಟ್ಟು ಮಾತಾಡಿಸಿ. ಬರೆದು ಕೊಡಲು ಹಿಂಜರಿದರೆ ಚಾ ಕುಡಿಸಿ ಕಳಿಸಿಬಿಡಿ.