ಬಣವೆಯ ಮೇವು, ತೇಗಿನ ಅನಿಲ

ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಅಣೆಕಟ್ಟಿನಿಂದ ನೀರು ಬಿಟ್ಟ ವರ್ಷ ಹಿರಿಯೂರಿನ ತೋಟದ ಬದುಗಳಲ್ಲಿ ಹಸಿಹುಲ್ಲು ಸಿಗುತ್ತದೆ. ಆದರೆ ನಾಲೆ ಮುಟ್ಟದ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಬೆದ್ದಲು ಸೀಮೆಯಲ್ಲಿ ಬೇಸಿಗೆಯುದ್ದಕ್ಕೂ ದನಗಳನ್ನು ಸಾಕುವುದು ಬಣವೆಯ ರಾಗಿಹುಲ್ಲು, ಜೋಳದ ಸಪ್ಪೆ, ಶೇಂಗಾ ಹೊಟ್ಟುಗಳೇ. ಈ ಒಣಮೇವು ಎಷ್ಟು ಜೀರ್ಣವಾಗುತ್ತದೆ ಎಂಬುದಕ್ಕೂ ದನ ಹೊರಬಿಡುವ, ಹವೆಯನ್ನು ಬಿಸಿಯೇರಿಸುವ ಮೀಥೇನ್ ಅನಿಲಕ್ಕೂ ಹತ್ತಿರದ ನಂಟಿದೆ.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಮೊದಲನೆಯದೂ ದೊಡ್ಡದೂ ಆದ ರೂಮೆನ್, ಮೇವು ಹುದುಗುವ ತೊಟ್ಟಿಯಿದ್ದಂತೆ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಒಡೆದು, ಹಸುವಿಗೆ ಶಕ್ತಿಯಾಗುವ ಆಮ್ಲಗಳನ್ನು ತಯಾರಿಸುತ್ತವೆ. ನಾರಿನಿಂದ ಹೆಚ್ಚಾಗಿ ಹುಟ್ಟುವ ಅಸಿಟಿಕ್ ಆಮ್ಲದ ಜೊತೆಗೆ ಹೈಡ್ರೋಜನ್ ಬಿಡುಗಡೆಯಾಗುತ್ತದೆ, ಪ್ರೊಪಿಯಾನಿಕ್ ಆಮ್ಲ ತಯಾರಾಗುವಾಗ ಅದೇ ಹೈಡ್ರೋಜನ್ ಬಳಕೆಯಾಗುತ್ತದೆ. ಉಳಿದ ಹೈಡ್ರೋಜನ್ನನ್ನು ಆರ್ಕಿಯಾ ಎಂಬ ಜೀವಿಗಳು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮೀಥೇನ್ ಮಾಡುತ್ತವೆ. ಜನ ತಮಾಷೆಗೆ ಹೇಳುವ ಹಾದಿಯಿಂದಲ್ಲ, ಬಹುಪಾಲು ತೇಗಿನ ಮೂಲಕವೇ ಅದು ಬಾಯಿಂದ ಹೊರಬರುತ್ತದೆ. ಮೇವಿನ ಒಟ್ಟು ಶಕ್ತಿಯಲ್ಲಿ ಶೇ 2ರಿಂದ 12ರಷ್ಟು ಹೀಗೆ ಗಾಳಿಗೆ ಹೋಗುವುದರಿಂದ, ಹವೆಗಿಂತ ಮೊದಲು ನಷ್ಟವಾಗುವುದು ರೈತನಿಗೇ.

ತಿಂದ 10 ಕಿಲೋ ಒಣಪದಾರ್ಥದಲ್ಲಿ 5 ಕಿಲೋ ಸಗಣಿಯಲ್ಲಿ ಹೊರಬಿದ್ದರೆ ಅದರ ಜೀರ್ಣತೆ ಶೇ 50 ಎಂದು ಲೆಕ್ಕ. ಪೈರು ಬಲಿತಂತೆಲ್ಲ ನಾರಿನ ಸುತ್ತ ಲಿಗ್ನಿನ್ ಎಂಬ ಮರಗಟ್ಟಿಸುವ ವಸ್ತು ಸೇರಿಕೊಂಡು ಸೂಕ್ಷ್ಮಜೀವಿಗಳ ದಾರಿಗೆ ಅಡ್ಡವಾಗುತ್ತದೆ. ಜೋಳದ ಸಪ್ಪೆಯಲ್ಲಿ ಆ ಜೀವಿಗಳು ಬೆಳೆಯಲು ಬೇಕಾದಷ್ಟು ಪ್ರೋಟೀನೂ ಇರುವುದಿಲ್ಲವಾದ್ದರಿಂದ, ದ್ವಿದಳ ಬೆಳೆಯಾದ ಶೇಂಗಾದ ಹೊಟ್ಟನ್ನು ಅದರೊಡನೆ ಬೆರೆಸುವ ರೂಢಿ ಶಾಸ್ತ್ರಕ್ಕೂ ಒಪ್ಪುವಂಥದು.

ಇಲ್ಲೊಂದು ತೊಡಕಿದೆ. ಚೆನ್ನಾಗಿ ಜೀರ್ಣವಾಗುವ ಮೇವನ್ನು ಹೊಟ್ಟೆತುಂಬ ತಿಂದ ಹಸು ದಿನದ ಲೆಕ್ಕದಲ್ಲಿ ಹೆಚ್ಚು ಮೀಥೇನನ್ನೇ ಬಿಡಬಹುದು, ಆದರೆ ಹಾಲೂ ಹೆಚ್ಚುವುದರಿಂದ ಲೀಟರಿಗೆ ಬೀಳುವ ಪಾಲು ಇಳಿಯುತ್ತದೆ. ಬರೀ ಸಪ್ಪೆ ತಿಂದು ಎರಡು ಲೀಟರ್ ಕೊಡುವ ಹಸುವಿನ ಹಾಲೇ ಹವೆಯ ದೃಷ್ಟಿಯಿಂದ ದುಬಾರಿ. ದನಗಳ ಸಂಖ್ಯೆಯನ್ನಷ್ಟೇ ಎಣಿಸಿ ದೂರುವವರು ಈ ಭೇದವನ್ನು ಮರೆಯುತ್ತಾರೆ.

ಈ ಸೀಮೆಯ ಕುರಿಮೇಕೆಗಳು ಆಸೆಯಿಂದ ತಿನ್ನುವ ಕರಿಜಾಲಿಯ ಕಾಯಿಯಲ್ಲೂ, ಹುಣಸೆ ಬೀಜದ ಸಿಪ್ಪೆಯಲ್ಲೂ ಟ್ಯಾನಿನ್ ಎಂಬ ಒಗರು ವಸ್ತುವಿದೆ. ಅದು ಮೀಥೇನ್ ಹುಟ್ಟಿಸುವ ಜೀವಿಗಳನ್ನು ಹತ್ತಿಕ್ಕುತ್ತದೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಟ್ಯಾನಿನ್ ಹೆಚ್ಚಿರುವ ಸಸ್ಯಗಳಿಂದಲೇ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ರೂಪಿಸಿದ್ದು, ಅದು ಮೀಥೇನನ್ನು ಶೇ 17ರಿಂದ 20ರಷ್ಟು ತಗ್ಗಿಸುತ್ತದೆಂದು ತಿಳಿಸಿದೆ. ಆದರೆ ಒಗರು ಮಿತಿಮೀರಿದರೆ ಪ್ರೋಟೀನನ್ನು ಕಟ್ಟಿಹಾಕಿ ಜೀರ್ಣಕ್ರಿಯೆಯನ್ನೇ ಕೆಡಿಸುತ್ತದೆ. ಅನಿಲ ಇಳಿದರೂ ದನ ಸೊರಗುತ್ತದೆ.

ಅಷ್ಟು ದೂರ ಹೋಗದೆ ಹಿತ್ತಿಲಲ್ಲೇ ಮಾಡಬಹುದಾದ ಕೆಲಸವೆಂದರೆ ಒಣಹುಲ್ಲಿನ ಯೂರಿಯಾ ಉಪಚಾರ. 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, 100 ಕಿಲೋ ಹುಲ್ಲಿಗೆ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ, ಯೂರಿಯಾದಿಂದ ಹುಟ್ಟುವ ಅಮೋನಿಯಾ ನಾರನ್ನು ಸಡಿಲಿಸಿ ಹುಲ್ಲು ಮೆದುವಾಗುತ್ತದೆ. ತೆರೆದ ಮೇಲೆ ಘಾಟು ಹೋಗುವವರೆಗೆ ಹರಡಿಟ್ಟು ನಂತರವೇ ಗೋದಲಿಗೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ತಿನ್ನಿಸಬಾರದು.