4294967297 ಎಂಬ ಸಂಖ್ಯೆಯ ವಿಭಜನೆ

ಎರಡರ ಒಂದು ಘಾತಕ್ಕೆ ಒಂದನ್ನು ಕೂಡಿಸಿದಾಗ ಬರುವ ಸಂಖ್ಯೆಗಳಲ್ಲಿ, ಘಾತಸೂಚಿಯೂ ಎರಡರ ಘಾತವೇ ಆಗಿರುವಂಥವನ್ನು ಫರ್ಮಾ ಸಂಖ್ಯೆಗಳೆಂದು ಕರೆಯುತ್ತೇವೆ. ಘಾತಸೂಚಿಯು 1, 2, 4, 8, 16 ಆದಾಗ ಕ್ರಮವಾಗಿ 3, 5, 17, 257, 65537 ದೊರೆಯುತ್ತವೆ. ಈ ಐದೂ ಅವಿಭಾಜ್ಯಗಳು. ಇಂಥ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಆಗಿರಬೇಕೆಂದು ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ಊಹಿಸಿದನು. ಆದರೆ ಅದಕ್ಕೆ ಸಾಧನೆಯು ಆತನಿಗೆ ದೊರೆಯಲಿಲ್ಲ. ಈ ಶ್ರೇಣಿಯ ಆರನೆಯ ಸಂಖ್ಯೆಯೇ 2³² + 1, ಎಂದರೆ 4294967297. ಇದು 641ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ಆಯ್ಲರನು 1732ರಲ್ಲಿ ತೋರಿಸಿದನು. ಇನ್ನೊಂದು ಭಾಜಕ 6700417, ಇದೂ ಅವಿಭಾಜ್ಯವೇ.

641 ಅವಿಭಾಜ್ಯಗಳ ಸಾಲಿನಲ್ಲಿ 116ನೆಯದು. ಒಂದೊಂದಾಗಿ ಭಾಗಿಸುತ್ತ ಹೋಗುವ ಶ್ರಮವನ್ನು ತಪ್ಪಿಸುವ ಬಗೆ ಹೇಗೆ? ಪ ಎಂಬ ಅವಿಭಾಜ್ಯವು ನಮ್ಮ ಸಂಖ್ಯೆಯನ್ನು ಭಾಗಿಸುವುದೆನ್ನೋಣ. ಆಗ 2³² ಎಂಬುದನ್ನು ಪ ದಿಂದ ಭಾಗಿಸಿದರೆ ಉಳಿಯುವ ಶೇಷ −1. ಆದುದರಿಂದ 2⁶⁴ರ ಶೇಷ 1. ಶೇಷವು 1 ಆಗುವ ಕನಿಷ್ಠ ಘಾತಸೂಚಿಯು 64ನ್ನು ಭಾಗಿಸಬೇಕು, 32ನ್ನು ಭಾಗಿಸಬಾರದು. ಆದಕಾರಣ ಅದು 64 ಅಲ್ಲದೆ ಬೇರೆಯಲ್ಲ. ಫರ್ಮಾನು ಅದೇ 1640ರಲ್ಲಿ ಹೇಳಿದ ಪ್ರಮೇಯದಂತೆ ಘಾತಸೂಚಿಯು ಪ − 1 ಆದಾಗಲೂ ಶೇಷ 1. ಆದ್ದರಿಂದ ಪ − 1 ಎಂಬುದು 64ರ ಗುಣಕವಾಗಲೇಬೇಕು. ಈ ನಿಯಮಕ್ಕೆ ಒಳಪಡುವ ಅವಿಭಾಜ್ಯಗಳು 193, 257, 449, 577, 641. ಐದನೆಯ ಭಾಗಾಕಾರದಲ್ಲಿಯೇ ಉತ್ತರ ದೊರೆಯುತ್ತದೆ. ಊಹೆಯನ್ನು ಕೆಡಹುವ ಸಾಧನವು ಊಹಿಸಿದವನ ಕೈಯಲ್ಲಿಯೇ ಇದ್ದಿತು.

ಭಾಗಾಕಾರವನ್ನೇ ಮಾಡದೆಯೂ ಇದನ್ನು ಪರೀಕ್ಷಿಸಬಹುದು. 641 = 5⁴ + 2⁴. ಇದನ್ನು 2²⁸ರಿಂದ ಗುಣಿಸಿದರೆ 5⁴·2²⁸ + 2³² ಬರುತ್ತದೆ. ಇದು 641ರ ಗುಣಕ. ಮತ್ತು 640 = 5·2⁷ ಆದ್ದರಿಂದ 640⁴ − 1, ಎಂದರೆ 5⁴·2²⁸ − 1, ಎಂಬುದೂ 640 + 1ರಿಂದ ಭಾಗವಾಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು 2³² + 1.

ಈ ವಿಭಜನೆಯ ಫಲವು ರೇಖಾಗಣಿತಕ್ಕೂ ಮುಟ್ಟುತ್ತದೆ. ಭುಜಗಳ ಸಂಖ್ಯೆಯು ಅವಿಭಾಜ್ಯವಾದ ಫರ್ಮಾ ಸಂಖ್ಯೆಯಾಗಿದ್ದರೆ, ಅಂಥ ಸಮಬಹುಭುಜವನ್ನು ಕೈವಾರ ಮತ್ತು ರೇಖಾಪಟ್ಟಿಗಳಿಂದಲೇ ರಚಿಸಬಹುದೆಂಬುದು ಗೌಸನ ಶೋಧನೆ; 17 ಭುಜಗಳ ಆಕೃತಿಯ ವಿಷಯವನ್ನು ಆತನು 1796ರಲ್ಲಿ ಕಂಡುಕೊಂಡನು. ಫರ್ಮಾನ ಊಹೆ ನಿಜವಾಗಿದ್ದರೆ ಇಂಥ ಆಕೃತಿಗಳಿಗೆ ಕೊನೆಯೇ ಇರುತ್ತಿರಲಿಲ್ಲ. ಆದರೆ ಮೊದಲಿನ ಐದನ್ನು ಬಿಟ್ಟರೆ ಅವಿಭಾಜ್ಯವಾದ ಫರ್ಮಾ ಸಂಖ್ಯೆ ಇದುವರೆಗೆ ಒಂದೂ ಸಿಕ್ಕಿಲ್ಲ. 2³² + 1ರಿಂದ ಮೊದಲುಗೊಂಡು ಮುಂದಿನ 28 ಸಂಖ್ಯೆಗಳೂ ಭಾಜ್ಯಗಳೆಂದು ಸಿದ್ಧವಾಗಿದೆ. ಹಾಗೆಂದು ಉಳಿದವೆಲ್ಲವೂ ಭಾಜ್ಯಗಳೇ ಎಂದು ನಿರ್ಣಯಿಸುವುದು ಸಲ್ಲದು. ಐದು ನಿದರ್ಶನಗಳನ್ನು ನಂಬಿದ ಊಹೆ ಬಿದ್ದಿತು. ಇಪ್ಪತ್ತೆಂಟನ್ನು ನಂಬಿದ ಊಹೆಗೂ ಸಾಧನೆಯು ಇನ್ನೂ ಬೇಕಾಗಿಯೇ ಇದೆ.