“ಯಾರ ಕಡೆಯಿಂದ ಬಂತು?”

ಎನ್‌ಐಸಿಯುನಲ್ಲಿರುವ ಕೂಸಿಗೆ ಜೀನ್ ಪರೀಕ್ಷೆ ಬೇಕೆಂದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಕಾಯಿಲೆಯ ಹೆಸರು ಗೊತ್ತಾದರೆ ಮುಂದಿನ ದಾರಿಯೂ ಗೊತ್ತಾಗುತ್ತದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ ಅಮೆರಿಕದಲ್ಲಿ 2016ರ ಕೊನೆಯವರೆಗೆ ಒಪ್ಪಿಗೆ ಪಡೆದ ಔಷಧಿಯೇ ಇರಲಿಲ್ಲ. ಈಗ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಗುಣವಾಗದ ಕಾಯಿಲೆ ಎಂದಾದರೆ ಪ್ಯಾಲಿಯೇಟಿವ್ ಕೇರ್ ಇದೆ. ಇದು ಕೈಬಿಡುವುದಲ್ಲ. ನೋವು, ಉಸಿರಾಟದ ಕಷ್ಟ ಕಡಿಮೆ ಮಾಡಿ, ಬೇಡದ ಸೂಜಿಗಳನ್ನು ತಪ್ಪಿಸಿ, ಮಗುವನ್ನು ನಿಮ್ಮ ಮಡಿಲಲ್ಲಿಡುವುದು.

ಊರಿನಿಂದ ಫೋನ್ ಬರುತ್ತದೆ: “ಯಾರ ಕಡೆಯಿಂದ ಬಂತು?” ಮೇಲೆ ಹೇಳಿದ ಕಾಯಿಲೆ ಸಾಮಾನ್ಯವಾಗಿ ತಂದೆ-ತಾಯಿ ಇಬ್ಬರಿಂದಲೂ ಬರುತ್ತದೆ. ಟ್ರೈಸೋಮಿ 18 ಹೆಚ್ಚಾಗಿ ಯಾರಿಂದಲೂ ಬಂದದ್ದಲ್ಲ. ತಪ್ಪಂತೂ ಯಾರದೂ ಅಲ್ಲ. ಸೋದರಮಾವನ ಸಂಬಂಧದ ಮದುವೆಯಾಗಿದ್ದರೆ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ.

ದೊಡ್ಡ ಮಗುವಿಗೆ ಮನೆಮಾತಿನಲ್ಲೇ ಹೇಳಿ: “ಪಾಪುಗೆ ತುಂಬಾ ಹುಷಾರಿಲ್ಲ ಕಂದ. ನಿನ್ನಿಂದ ಆದದ್ದಲ್ಲ.”